ಬೀದಿ ಪಾಲಾದ ಮಳೆ

ಕೆಳಗಿನ ಮನೆಯಿಂದ
ಶನಿವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬಿಗೆ,

ನಿನ್ನ ಅಕ್ಕನ ಆಶೀರ್ವಾದ. ಇತ್ತ ಕ್ಷೇಮ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಅತ್ತ ನಿಮ್ಮ ಕ್ಷೇಮ ಕೇಳಲು ನನಗೆ ಮುಖವಿಲ್ಲ. ಅದಕ್ಕೇ ಎರಡನ್ನೂ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಕಾಗದ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯಲೇಬೇಕು ಅನ್ನಿಸಿದರೆ ಕೊನೆಯವರೆಗೂ ಓದಿ ಆಮೇಲೆ ಹರಿ.

ಫೋನು ಮಾಡಬಾರದಿತ್ತೇ ಅನ್ನುತ್ತೀಯ. ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೂ ನಾನು ಅತ್ತುಬಿಡುತ್ತಿದ್ದೆ, ಹೇಳಬೇಕಾದದ್ದು ಹೇಳದೇ ಉಳಿಯುತ್ತಿತ್ತು. ಮೆಟ್ಟಿಲ ಕೆಳಗೆ ನಿಂತು ಒಂದು ಕೂಗು ಹಾಕಿದರೆ ಮೇಲಿನಿಂದ ಓಗೊಡುತ್ತಿದ್ದವಳು ನೀನು. ನಾವು ಕಾಗದ ಬರೆದುಕೊಳ್ಳುವ ಕಾಲ ಬಂತು ನೋಡು. ಬೀದಿಯವರಿಗಂತೂ ಸಮಾಧಾನವಾಗಿದೆ. ವಾರಗಿತ್ತಿಯರು ಅಂದಮೇಲೆ ಎಂದಾದರೂ ಜುಟ್ಟು ಹಿಡಿದುಕೊಳ್ಳಲೇಬೇಕು ಎಂದು ಅವರು ಕಾದದ್ದೇ ಕಾದದ್ದು. ಜಗಳ ಆಡಿದವರು ಅಣ್ಣ ತಮ್ಮ, ಹೆಸರು ಬಂದದ್ದು ನಮಗೆ.

ನನಗಂತೂ ಸಾಕುಸಾಕಾಗಿದೆ ಗುಬ್ಬಿ. ಎದ್ದರೆ ಬಿಂದಿಗೆ, ಮಲಗಿದರೆ ಬಿಂದಿಗೆಯದೇ ಯೋಚನೆ. ಒಗೆಯಲು ತಂದ ಲಾಡ್ಜಿನ ಚಾದರಗಳು ಮುಂದಿನ ಕೋಣೆಯಲ್ಲಿ ಗುಡ್ಡದ ಹಾಗೆ ಬಿದ್ದಿವೆ. ಟ್ಯಾಂಕರಿನ ನೀರು ನಿನಗೆ ಗೊತ್ತೇ ಇದೆ, ಉಪ್ಪುಪ್ಪು, ಗಡಸು. ಎಷ್ಟು ಸೋಪು ತಿಕ್ಕಿದರೂ ನೊರೆ ಏಳುವುದಿಲ್ಲ. ಒಣಗಿದ ಮೇಲೆ ಚಾದರ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ, ಅಂಚೆಲ್ಲ ಹಳದಿ. ಮೊನ್ನೆ ಲಾಡ್ಜಿನ ಮ್ಯಾನೇಜರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಒಗೆದದ್ದೋ ಒಗೆಯಬೇಕಾದದ್ದೋ ಎಂದು ಕೇಳಿದ. ಹೀಗೇ ಆದರೆ ಮಷಿನ್ ಲಾಂಡ್ರಿಗೆ ಕೊಟ್ಟುಬಿಡುತ್ತಾನಂತೆ. ಮುಂಚಿನ ನಾನಾಗಿದ್ದರೆ ನಾಲ್ಕು ಮಾತು ಆಡಿಯೇ ಕಳಿಸುತ್ತಿದ್ದೆ. ಈಗ ತಲೆ ಅಲ್ಲಾಡಿಸಿ ಮಡಿಸಿಟ್ಟುಕೊಂಡು ಬಂದೆ.

ಇದೆಲ್ಲ ಹೇಳಿ ನಿನ್ನ ಕನಿಕರ ಗಿಟ್ಟಿಸುತ್ತಿದ್ದೇನೆ ಅಂದುಕೋಬೇಡ. ನಿಮ್ಮ ಮೇಲಿನ ಮನೆ ಕೊಳ್ಳಲೆಂದು ನೋಡಲು ಬುಧವಾರ ಗಿರಾಕಿ ಬಂದಿದ್ದ. ನೀವೇ ಬೀಗದ ಕೈ ಕೊಟ್ಟು ಕಳಿಸಿದ್ದಿರಂತೆ. ಒಳಗೆ ಕೋಣೆ ಅಡುಗೆಮನೆ ಏನನ್ನೂ ಸರಿಯಾಗಿ ನೋಡಲಿಲ್ಲ, ಸೀದಾ ತಾರಸಿಗೆ ಹೋಗಿ ಟೇಪು ಹಿಡಿದು ಅಳೆದ. ತಗಡು ಹೊದಿಸಿ ಎರಡು ಬಾಡಿಗೆ ಕೋಣೆ ಎಬ್ಬಿಸುತ್ತಾನಂತೆ. ಇಳಿದು ಬರುವಾಗ ಮಳೆನೀರಿನ ಪೈಪನ್ನು ಕಾಲಿನಿಂದ ತಟ್ಟಿ, ಈ ಹಳೇ ಪೈಪು ಕಿತ್ತು ಹಾಕಿಸಬೇಕು ಅಂದ. ಬರುವ ವಾರ ಕ್ರಯಪತ್ರಕ್ಕೆ ಸಹಿ ಎಂದು ಕಿವಿಗೆ ಬಿತ್ತು. ಆ ಸಹಿ ಆಗಿಹೋದರೆ ತಾರಸಿ ಹೋಯಿತು, ತಾರಸಿ ಹೋದರೆ ಮಳೆ ಹೋಯಿತು, ಮಳೆ ಹೋದರೆ ನಮ್ಮ ಒಗೆಯುವ ಕೆಲಸವೂ ಹೋದ ಹಾಗೇ. ಅವೆಲ್ಲ ಹಾಳಾಗಿ ಹೋಗಲಿ ಅಂತಲೇ ಇಟ್ಟುಕೋ. ನೀನು ಹೋಗುತ್ತೀಯಲ್ಲೇ. ನಾನು ಎತ್ತಿ ಆಡಿಸಿದ ನಿನ್ನ ಮಗಳು ಚಿನ್ನಿ ಹೋಗುತ್ತಾಳೆ. ಅದು ನನ್ನಿಂದ ಆಗುವುದಿಲ್ಲ.

ಅದಕ್ಕೇ ಸಹಿಗೆ ಮುಂಚೆ ಈ ಕಾಗದ ನಿನ್ನ ಕೈ ಸೇರಬೇಕು. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದು. ಮೊದಲಿನಿಂದ ಬರೆದುಕೊಂಡು ಬಂದರೇ ನನಗೂ ಒಂದಕ್ಕೊಂದು ಕೂಡುತ್ತದೆ.

ಮಾವನವರು ಹೋದ ಮೇಲೆ ಮನೆ ಹಂಚಿದರಲ್ಲ, ಹಿರಿಯವನಿಗೆ ಕೆಳಗಿನ ಮನೆ ಮತ್ತು ನೆಲದೊಳಗಿನ ಸಂಪು, ಕಿರಿಯವನಿಗೆ ಮೇಲಿನ ಮನೆ ಮತ್ತು ತಾರಸಿ. ನ್ಯಾಯ ಹೇಳಲು ಬಂದ ದೊಡ್ಡ ಮನುಷ್ಯರು ತಕ್ಕಡಿ ಹಿಡಿದು ತೂಗಿದ ಹಾಗೆ ಹಂಚಿದರು. ಮಳೆ ಬೀಳುವುದು ಒಬ್ಬನ ಪಾಲಿನ ಮೇಲೆ, ತುಂಬುವುದು ಇನ್ನೊಬ್ಬನ ಪಾಲಿನೊಳಗೆ, ಬಳಸುವವರು ಎರಡೂ ಮನೆಯವರು ಎಂಬುದು ಅವರ ತಲೆಗೆ ಬರಲೇ ಇಲ್ಲ. ಮೆಟ್ಟಿಲು ಇಬ್ಬರಿಗೂ ಸೇರಿದ್ದು ಅಂದರು. ಇಬ್ಬರಿಗೂ ಸೇರಿದ್ದು ಯಾರಿಗೂ ಸೇರಲಿಲ್ಲ. ಮಳೆನೀರನ್ನು ಬೀದಿಗೋ ಸಂಪಿಗೋ ತಿರುಗಿಸುವ ಆ ವಾಲ್ವು ಇರುವುದೂ ಅಲ್ಲೇ, ಮೆಟ್ಟಿಲ ತಿರುವಿನ ಗೂಡಿನಲ್ಲಿ.

ಮಾವ ಇದ್ದಷ್ಟು ದಿನ ಆ ವಾಲ್ವಿಗೆ ಇನ್ನೊಬ್ಬರ ಕೈ ಸೋಕಿದ್ದಿಲ್ಲ. ಬೇಸಿಗೆಯೆಲ್ಲ ಅದು ಬೀದಿ ಕಡೆಗೆ ಇರುತ್ತಿತ್ತು. ಮೊದಲ ಮಳೆ ಬಂದಾಗ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದು ಬೀದಿ ಚರಂಡಿಗೆ ಹೋಗಲಿ ಎಂದು. ಅವರು ಒಂದು ಸ್ಟೂಲು ತಂದು ತಿರುವಿನಲ್ಲಿ ಹಾಕಿಕೊಂಡು ಕೂರುತ್ತಿದ್ದರು. ನಡುನಡುವೆ ಎದ್ದುಹೋಗಿ ಬೀದಿಗೆ ಬೀಳುವ ನೀರನ್ನು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು, ಮತ್ತೆ ಬಂದು ಕೂರುವುದು. ನೀರು ತಿಳಿಯಾಯಿತು ಅನ್ನಿಸಿದ ಮೇಲೆ ವಾಲ್ವಿನ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದರೆ ನೀರು ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮಿಗೆ ಹೊಕ್ಕು, ಸೋಸಿಕೊಂಡು ಸಂಪಿಗೆ ಇಳಿಯುತ್ತಿತ್ತು. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಆ ಹಿಡಿಯ ಮೇಲೆ ನೇತುಹಾಕಿ ಒಳಗೆ ಬರುತ್ತಿದ್ದರು. ಸುರಿಯುವ ಮಳೆಯಲ್ಲಿ ಟವೆಲ್ ಒಣಹಾಕುವ ಬುದ್ಧಿವಂತರು ನೀವೊಬ್ಬರೇ ಮಾವ ಎಂದು ನೀನು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರೇ ಹೊರತು ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಅವರಿಲ್ಲದ ಮೊದಲ ಬೇಸಿಗೆ ಹೇಗೆ ಕಳೆದೆವು ಎಂಬುದು ನಮಗೆ ಗೊತ್ತು. ಬೀದಿಗೆಲ್ಲ ನೀರು ಹಾಕುವ ಟ್ಯಾಂಕರ್ ಓಡಿಸುವವನು ನಿನ್ನ ಯಜಮಾನ, ನನ್ನ ಮೈದುನ, ಅವನ ಮನೆಯಲ್ಲೇ ನೀರಿಲ್ಲ. ಟ್ಯಾಂಕರ್ ಧಣಿಯದು, ಇವನದು ಸ್ಟೀರಿಂಗ್ ಮಾತ್ರ ಎಂದು ಯಾರಿಗೆ ಬಿಡಿಸಿ ಹೇಳುವುದು? ತಡವಾಗಿ ಬಂದರೆ ಬೈಗುಳ, ಕಡಿಮೆ ಬಿದ್ದರೆ ಬೈಗುಳ. ದಿನವಿಡೀ ಊರಿನವರ ಕೈಲಿ ಉಗಿಸಿಕೊಂಡು ಮನೆಗೆ ಬಂದರೆ ಅಣ್ಣನ ಸಿಡುಕು ಬೇರೆ. ಆ ದಿನ ಬಿಂದಿಗೆಗಳ ಸಾಲಿನ ಮುಂದೆ, ಇಡೀ ಬೀದಿ ಕಿವಿ ನೆಟ್ಟುಕೊಂಡು ನಿಂತಿದ್ದಾಗ ನಿನ್ನ ಭಾವ ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಮಳೆ ಬರ್ದೇ ಇದ್ರೇನೇ ಇವ್ನ ಹೊಟ್ಟೆ ತುಂಬೋದು. ಇವ್ನ್ಯಾಕೆ ಮೋಡ ನೋಡ್ತಾನೆ?"

ಒಡಹುಟ್ಟಿದವನಿಗೆ ಆಡುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈದುನ ಕೈಯಲ್ಲಿದ್ದ ಕೊಳವೆ ಕೆಳಗೆ ಹಾಕಿ, ಇನ್ನು ಆ ವಾಲ್ವು ಮುಟ್ಟಿದರೆ ತಾನು ತನ್ನಪ್ಪನಿಗೆ ಹುಟ್ಟಿದವನೇ ಅಲ್ಲ ಅಂದ. ಇವರು ಬಿಡುತ್ತಾರೆಯೇ, ನಿನ್ನ ತಾರಸಿಯ ನೀರು ನನಗೂ ಬೇಡ, ನಾನೂ ಮುಟ್ಟುವುದಿಲ್ಲ ಅಂದರು. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಇಬ್ಬರಿಗೂ ನೆನಪಿಗೆ ಬರಲಿಲ್ಲ.

ಆಮೇಲೆ ಮೊದಲ ಮಳೆ ಬಂದ ಮಧ್ಯಾಹ್ನ. ಅದನ್ನು ಬರೆಯುವುದಕ್ಕೇ ಇಷ್ಟು ಸುತ್ತಿ ಬಂದೆ.

ಬೆಳಗ್ಗೆ ನಿನ್ನ ಯಜಮಾನ ತಾರಸಿ ಗುಡಿಸಿದ ಸದ್ದು ನನಗೆ ಕೇಳಿಸಿತ್ತು. ಪೈಪಿನ ಬಾಯಿಯ ಜಾಲರಿಯನ್ನು ಕಲ್ಲಿಗೆ ಕುಟ್ಟಿ ಕೊಡವಿದ್ದೂ ಕೇಳಿಸಿತ್ತು. ಊಟದ ಹೊತ್ತಿಗೆ ಕತ್ತಲಾಯಿತು. ಹನಿ ಬಿದ್ದ ಕೂಡಲೇ ನಾನು ಮುಂದಿನ ಹಗ್ಗದ ಮೇಲಿದ್ದ ಚಾದರ ಬಾಚಿಕೊಳ್ಳಲು ಓಡಿದೆ. ನಾಲ್ಕು ಸಲ ಒಳಗೆ ಹೊರಗೆ ಓಡಾಡಿ, ಕೊನೆಯ ಹೊರೆ ಹೊತ್ತು ಮೆಟ್ಟಿಲ ಹತ್ತಿರ ಬಂದಾಗ ಮೈದುನ ಗೂಡಿನ ಮುಂದೆ ಬಗ್ಗಿ ವಾಲ್ವು ತಿರುಗಿಸುತ್ತಿದ್ದ. ನನ್ನನ್ನು ಕಂಡು ಕಳ್ಳನ ಹಾಗೆ ತಲೆ ತಗ್ಗಿಸಿ ಮೇಲೆ ಹೋದ. ಮುಟ್ಟುವುದಿಲ್ಲ ಎಂದವನು ಮುಟ್ಟಿದನಲ್ಲ, ಸದ್ಯ ಎಂದುಕೊಂಡು ನಾನು ಒಳಗೆ ಬಂದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ ಗುಬ್ಬಿ, ನಂಬು.

ಆ ಮಳೆ ಸುರಿದದ್ದನ್ನು ನೀನೂ ನೋಡಿದ್ದೀಯ. ಮಾತು ಕೇಳಿಸದಷ್ಟು ಸದ್ದು. ನಿನ್ನ ಭಾವ ಇಸ್ತ್ರಿ ಮೇಜಿನ ಹತ್ತಿರ ಏನನ್ನೋ ಗುನುಗಿಕೊಳ್ಳುತ್ತ ನಿಂತಿದ್ದರು. ಬೇಸಿಗೆ ಶುರುವಾದಾಗಿನಿಂದ ಅವರ ಬಾಯಿಂದ ಗುನುಗು ಕೇಳಿದ್ದು ಅವತ್ತೇ. ಮಳೆ ಬರುವಾಗ ಸಂಪಿನ ಮುಚ್ಚಳ ತೆಗೆಯಬಾರದು ಎಂಬ ಮಾವನ ಕಟ್ಟಪ್ಪಣೆ ಇತ್ತಲ್ಲ, ಯಾರೂ ತೆಗೆಯಲಿಲ್ಲ. ನಿಂತ ಮೇಲೆ ತೆಗೆದರು. ತಳದಲ್ಲಿ ಬೇಸಿಗೆಯ ಕೆಸರು ಬಿರುಕು ಬಿಟ್ಟುಕೊಂಡು ಹಾಗೇ ಇತ್ತು. ಎದುರುಮನೆಯವರ ತೊಟ್ಟಿ ತುಂಬಿ ಚೆಲ್ಲುತ್ತಿತ್ತು. ನಮ್ಮ ಬೀದಿ ಪೈಪಿನ ಬಾಯಿಂದ ಕನ್ನಡಿಯಂಥ ನೀರು ಇನ್ನೂ ಸುರಿಯುತ್ತಲೇ ಇತ್ತು.

ಇವರು ಮುಚ್ಚಳವನ್ನು ದಡಾರನೆ ಹಾಕಿದರು. ವಾಲ್ವು ಯಾರು ಮುಟ್ಟಿದ್ದು ಎಂದು ಕೇಳಿದರು. ನಾನು ಹೇಳಿದೆ. ಮೈದುನ ತಿರುಗಿಸುತ್ತಿದ್ದುದನ್ನು ಕಣ್ಣಾರೆ ಕಂಡೆ ಅಂದೆ. ಹೇಳುವಾಗ ನನಗೂ ಹೊಟ್ಟೆ ಉರಿದಿತ್ತು. ಅಣ್ಣನ ಮಾತಿಗೆ ಸೇಡು ತೀರಿಸಿಕೊಳ್ಳಲು, ಸಂಪಿಗೆ ಹೋಗುತ್ತಿದ್ದ ನೀರನ್ನು ಬೀದಿಗೆ ತಿರುಗಿಸಿದ್ದಾನೆ ಎಂದು ನಾನೂ ನಂಬಿಬಿಟ್ಟೆ. ಸಂಪಿಗೆ ಹೋಗಬೇಕಾದರೆ ಅದನ್ನು ಮೊದಲು ಯಾರಾದರೂ ಸಂಪಿಗೆ ತಿರುಗಿಸಿರಬೇಕಲ್ಲ, ಅದು ಯಾರು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನನಗೆ ಆಗ ಬರಲಿಲ್ಲ. ಇವರಿಗೆ ಅದು ಗೊತ್ತಿತ್ತು, ಇವರು ಹೇಳಲಿಲ್ಲ.

ಮುಂದಿನದು ನೀನೂ ಬಾಗಿಲಲ್ಲಿ ನಿಂತು ಕೇಳಿದ್ದೇ. ಇವರು ಕೆಳಗಿನಿಂದ ಕೂಗಾಡಿದರು. ಯಾರು ನೋಡಿದ್ದು ಎಂದು ಮೈದುನ ಕೇಳಿದ. ನಿನ್ನ ಅತ್ತಿಗೆಯೇ ನೋಡಿದ್ದಾಳೆ ಅಂದರು. ಅವನು ನನ್ನ ಕಡೆ ತಿರುಗಿದ. ನಾನು ಹೌದು ಎಂದು ತಲೆ ಆಡಿಸಿದೆ. ಅವನು ಕೂಗಾಡಲಿಲ್ಲ. ಮೆಲ್ಲಗೆ ಅಂದ:

"ಹೌದು ಅತ್ತಿಗೆ, ತಿರುಗಿಸ್ದೆ. ಯಾವ ಕಡೆಗೆ ಅಂತ ನಂಗೊತ್ತು. ಅಣ್ಣಂಗೂ ಗೊತ್ತಿರ್ಬೇಕು."

ಎಷ್ಟು ಸೊಕ್ಕು ಇವನಿಗೆ ಅಂದುಕೊಂಡೆ. ನೀನು ಚಿನ್ನಿಯನ್ನು ಎತ್ತಿಕೊಂಡು ಅವನ ಹಿಂದೆ ನಿಂತಿದ್ದೆ. ನೀವೂನಾ ಅಕ್ಕಾ ಅಂದೆ, ಅಷ್ಟೇ. ವಾರ ಕಳೆಯುವಷ್ಟರಲ್ಲಿ ಟ್ಯಾಂಕರ್ ಡಿಪೋ ಹತ್ತಿರ ಕೋಣೆ ಹಿಡಿದು ಹೊರಟೇ ಹೋದಿರಿ. ಪಾತ್ರೆ ಇಳಿಸುವಾಗ ನಾನು ಒಳಗೆ ಬಾಗಿಲು ಹಾಕಿಕೊಂಡು ಚಾದರ ಮಡಿಸುತ್ತ ಕೂತಿದ್ದೆ. ಚಿನ್ನಿ ಹೊರಗಿನಿಂದ ದೊಡ್ಡಮ್ಮಾ ಎಂದು ಕರೆದದ್ದು ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ಆ ಒಂದು ವಿಷಯಕ್ಕೆ ನನ್ನನ್ನು ನಾನೇ ಕ್ಷಮಿಸಿಲ್ಲ, ನೀನೂ ಕ್ಷಮಿಸಬೇಡ.

ಅವತ್ತಿನಿಂದ ಒಂದು ಹನಿ ಇಲ್ಲ. ಮೋಡ ಬರುತ್ತದೆ, ನಮ್ಮ ಮನೆಯ ನಾಟಕ ನೋಡಿ ಹೋಗುತ್ತದೆ. ಹೋದ ವಾರ ಟ್ಯಾಂಕರಿಗೆ ಹೇಳಿ ಕಳಿಸಿದೆವು. ಡಿಪೋದ ಇನ್ನೊಬ್ಬ, ಆ ಮೀಸೆ ಡ್ರೈವರನ ಪಾಳಿ ಎಂದು ಗೊತ್ತು ಮಾಡಿಕೊಂಡೇ ಹೇಳಿ ಕಳಿಸಿದ್ದೆವು. ಬಂದವನು ನಿನ್ನ ಯಜಮಾನ. ಪಾಳಿ ಬದಲಾಯಿಸಿಕೊಂಡು ಬಂದನೋ ಏನೋ, ನೀನೇ ಕೇಳಿ ನೋಡು. ಅಣ್ಣ ತಮ್ಮ ಇಬ್ಬರೂ ಸಂಪಿನ ಆ ಕಡೆ ಈ ಕಡೆ ನಿಂತರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವರು ನನಗೆ, ಡ್ರೈವರಿಗೆ ಮುಚ್ಚಳ ಸರಿಯಾಗಿ ಹಾಕೋಕೆ ಹೇಳು ಅಂದರು. ಅವನು ನನಗೆ, ಮನೆಯವರಿಗೆ ಸಂಪಿನ ಬಾಯಿಗೆ ಬಟ್ಟೆ ಕಟ್ಟೋಕೆ ಹೇಳಿ ಅಂದ. ನಗಬೇಕೋ ಅಳಬೇಕೋ ತಿಳಿಯದೆ ನಾನು ಇಬ್ಬರ ನಡುವೆ ಕಂಬದ ಹಾಗೆ ನಿಂತಿದ್ದೆ. ಕೊನೆಗೆ ಬಟ್ಟೆ ಅವನೇ ಕಟ್ಟಿದ. ಟ್ಯಾಂಕರ್ ಬರಿದಾದ ಮೇಲೂ ಕೊಳವೆಯನ್ನು ಎತ್ತಿ ಎತ್ತಿ ಕೊಡವಿ, ಒಳಗೆ ಉಳಿದದ್ದನ್ನೂ ನಮ್ಮ ಸಂಪಿಗೇ ಬಸಿದ. ಬೀದಿಗೆ ನೀರು ಬಿಡುವ ಮನುಷ್ಯನ ಕೈ ಹಾಗಿರುತ್ತದೆಯೇ? ನನಗೆ ಅವತ್ತೇ ಎಲ್ಲೋ ಚುಚ್ಚಿತು.

ಗುರುವಾರ ಮಧ್ಯಾಹ್ನ ಇವರ ಸೊಂಟ ಹಿಡಿದುಕೊಂಡಿತು. ತುಂಬಿದ ಬಕೆಟು ಎತ್ತುವ ವಯಸ್ಸೇ ಇದು? ಬೋರಲು ಮಲಗಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ದಿಂಬಿನೊಳಗೆ ಮುಖ ಹುದುಗಿಸಿಕೊಂಡೇ, ನನಗೆ ಹೇಳುತ್ತಿದ್ದಾರೋ ದಿಂಬಿಗೆ ಹೇಳುತ್ತಿದ್ದಾರೋ ಎಂಬ ಹಾಗೆ ಅಂದರು:

"ಅವತ್ತು ನಾನೇ ಕೈಯಾರೆ ಸಂಪಿಗೆ ತಿರುಗಿಸಿ ಬಂದಿದ್ದೆ ಕಣೇ. ಮುಟ್ಟಲ್ಲ ಅಂದಿದ್ದೋನು ಹೋಗಿ ಮುಟ್ದೆ. ಮೇಲಿರೋದೂ ನಮ್ಮ ಮಗೂನೇ ಅಲ್ವಾ, ಅದಕ್ಕೂ ನೀರು ಬೇಕಲ್ವಾ ಅಂತ. ಅವ್ನು ಬಂದು ವಾಪಸ್ ತಿರುಗಿಸಿಬಿಟ್ಟ."

 ಯಾವಾಗ ತಿರುಗಿಸಿದಿರಿ ಎಂದು ಕೇಳಿದೆ. ನೀನು ಚಾದರ ತರಲು ಓಡಾಡುತ್ತಿದ್ದಾಗ, ಹಿತ್ತಲ ಬಾಗಿಲಿಂದ ಹೋಗಿ ಬಂದೆ ಅಂದರು. ಇದನ್ನು ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಬೀದಿಯ ಮುಂದೆ ಮುಟ್ಟುವುದಿಲ್ಲ ಅಂದಿದ್ದೆನಲ್ಲ ಅಂದರು. ಈ ಗಂಡಸರ ಮಾನಕ್ಕೆ ಏನು ಹೇಳುವುದು ಹೇಳು.

ಎಣ್ಣೆ ಕೈಯಲ್ಲೇ ಎದ್ದು ಹೋದೆ. ತಿರುವಿನ ಸ್ವಲ್ಪ ಮೇಲೆ, ಕಸ ತೆಗೆಯಲೆಂದು ಪೈಪಿಗೆ ಮುಚ್ಚಳ ಹಾಕಿದ ಒಂದು ಬಾಯಿ ಇದೆಯಲ್ಲ, ಚಿನ್ನಿ ಅದರೊಳಗೆ ಕೂಗಿ ಆಡುತ್ತಿದ್ದಳಲ್ಲ, ಅದನ್ನು ತೆಗೆದೆ. ಕುಡಿಯಲು ಇಟ್ಟಿದ್ದ ಬಿಂದಿಗೆ ತಂದೆ. ಒಂದು ಚೊಂಬು ಸುರಿದೆ, ನೀರು ಬೀದಿಗೆ ಬಿತ್ತು. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಚೊಂಬು ಸುರಿದೆ, ಡ್ರಮ್ಮಿನೊಳಗೆ ಸದ್ದಾಯಿತು. ಇನ್ನೂ ಅರ್ಧ ಸುತ್ತು ತಿರುಗಿಸಿ ಸುರಿದೆ. ಮತ್ತೆ ಬೀದಿ. ಆ ಹಿಡಿ ಎರಡು ಕಡೆಗೂ ಒಂದೇ ಥರ ಇದೆ ಗುಬ್ಬಿ. ಎಲ್ಲಿಗೆ ತಿರುಗಿ ನಿಂತಿದೆ ಎಂದು ನೋಡಿದರೆ ಗೊತ್ತೇ ಆಗುವುದಿಲ್ಲ. ಒಬ್ಬ ತಿರುಗಿಸಿದರೆ ಸಂಪು, ಇಬ್ಬರು ತಿರುಗಿಸಿದರೆ ಬೀದಿ.

ಗೂಡಿನ ಪಕ್ಕದ ಮೊಳೆಯಲ್ಲಿ ಮಾವನ ಟವೆಲ್ ಧೂಳು ಹಿಡಿದು ಇನ್ನೂ ನೇತಾಡುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬೆಳಕಾಯಿತು. ಅವರು ಒಣಹಾಕುತ್ತಿದ್ದದ್ದಲ್ಲವೇ ಅದು. ನಾನು ತಿರುಗಿಸಿದ್ದೇನೆ, ಇನ್ನೊಬ್ಬರು ತಿರುಗಿಸಬೇಡಿ ಎಂದು ಹೇಳುತ್ತಿದ್ದರು. ಇಷ್ಟು ವರ್ಷ ನಮ್ಮ ಕಣ್ಣ ಮುಂದೆಯೇ ಹೇಳಿದರು, ನಾವು ನಕ್ಕೆವು.

ಈಗ ನೀನೇ ಕೂಡಿಸಿ ನೋಡು. ಇವರು ಮೊದಲು ಹೋಗಿ ಸಂಪಿಗೆ ತಿರುಗಿಸಿದರು, ತಮ್ಮನಿಗೆ ಗೊತ್ತಾಗದ ಹಾಗೆ. ಅವನು ಆಮೇಲೆ ಬಂದ. ಅಣ್ಣ ಹಟಮಾರಿ, ಮುಟ್ಟಿರುವುದಿಲ್ಲ, ಇನ್ನೂ ಬೀದಿಗೇ ಇದೆ ಅಂದುಕೊಂಡು ಅವನೂ ಸಂಪಿಗೆಂದೇ ತಿರುಗಿಸಿದ, ಅಣ್ಣನಿಗೆ ಗೊತ್ತಾಗದ ಹಾಗೆ. ಮಳೆ ಸುರಿದಷ್ಟು ಹೊತ್ತು ಕೆಳಗೊಬ್ಬ ಮೇಲೊಬ್ಬ ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಕೂತಿದ್ದರು. ಅಷ್ಟೂ ನೀರು ಬೀದಿ ಪಾಲಾಗುತ್ತಿತ್ತು. ಇಬ್ಬರಿಗೂ ತಾನು ತಿರುಗಿಸಿದ್ದು ಸಂಪಿಗೆ ಎಂದು ಗೊತ್ತು. ಹಾಗಾದ ಮೇಲೆ ಬೀದಿಗೆ ತಿರುಗಿಸಿದ್ದು ಇನ್ನೊಬ್ಬನೇ ಅಲ್ಲವೇ? ಅಣ್ಣಂಗೂ ಗೊತ್ತಿರ್ಬೇಕು ಎಂದು ಅವನು ಯಾಕೆ ಅಂದ ಎಂದು ನನಗೆ ಈಗ ಅರ್ಥವಾಗುತ್ತಿದೆ. ಅಣ್ಣನೇ ಬೀದಿಗೆ ತಿರುಗಿಸಿ ತಪ್ಪನ್ನು ತಮ್ಮನ ತಲೆಗೆ ಕಟ್ಟಿದ ಎಂದು ನೀವಿಬ್ಬರೂ ಆ ಬಾಡಿಗೆ ಕೋಣೆಯಲ್ಲಿ ಕೂತು ನೊಂದುಕೊಂಡಿರುತ್ತೀರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಕಂಡದ್ದು ನಿಜ, ಅರ್ಧ ಸುತ್ತು ಮಾತ್ರ ಕಂಡೆ.

ಇವರನ್ನು ಸೊಂಟ ಹಿಡಿದುಕೊಂಡೇ ಎಬ್ಬಿಸಿ ಕರೆತಂದು, ಮೂರು ಚೊಂಬು ಮತ್ತೆ ಸುರಿದು ತೋರಿಸಿದೆ. ಕುಡಿಯುವ ನೀರು ಎಂದು ಗೊಣಗಲೂ ಇಲ್ಲ. ಇನ್ನೊಮ್ಮೆ ಸುರಿ ಅಂದರು. ಸುರಿದೆ. ಮೆಟ್ಟಿಲ ಮೇಲೆ ಕೂತವರು ಬಹಳ ಹೊತ್ತು ಏಳಲಿಲ್ಲ.  ಹೋಗಿ ಕರೆದುಕೊಂಡು ಬನ್ನಿ ಎಂದು ನಾನು ನಿನ್ನೆ ಇಡೀ ದಿನ ಹೇಳಿ ಹೇಳಿ ಸೋತೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದಷ್ಟೇ ಅಂದರು. ತಪ್ಪಾಯಿತು ಎಂಬ ಮಾತು ಈ ಮನೆಯ ಗಂಡಸರ ಬಾಯಲ್ಲಿ ಹುಟ್ಟಿದ್ದನ್ನು ನಾನಂತೂ ಕಂಡಿಲ್ಲ, ನೀನು ಕಂಡಿದ್ದರೆ ಹೇಳು. ಈ ಕಾಗದ ಬರೆಯುತ್ತಿರುವುದೂ ಅವರಿಗೆ ಗೊತ್ತಿಲ್ಲ. ಹೊರಗೆ ಇಸ್ತ್ರಿ ಮಾಡುತ್ತಿದ್ದಾರೆ.

ನಾನು ಹೇಳುವುದಿಷ್ಟೇ. ಮೈದುನನಿಗೆ ಇದನ್ನು ಓದಿ ಹೇಳು. ಅವನು ಎದ್ದು ಹೋದರೂ ಹಿಂದಿನಿಂದ ಹೋಗಿ ಓದು. ಅವನ ಮೇಲೆ ಸುಳ್ಳು ಸಾಕ್ಷಿ ಹೇಳಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಲಿ, ಎದುರಿಗೇ ಬಂದು ಬೈಯಲಿ. ಬೀದಿಯ ಮುಂದೆ ಆಡಿದ ಮಾತಿಗೆ ಬೀದಿಯ ಮುಂದೆಯೇ ಅಣ್ಣನನ್ನು ನಿಲ್ಲಿಸುವ ಕೆಲಸ ನನ್ನದು. ಸಹಿ ಮಾತ್ರ ಹಾಕಬೇಡಿ. ಸಂಪು ತುಂಬದಿದ್ದರೆ ಹೇಗೋ ಬದುಕಿಕೊಳ್ಳುತ್ತೇವೆ, ನೀವು ಮೇಲಿಲ್ಲದೆ ಕೆಳಗೆ ಇದ್ದು ಇದ್ದು ನನಗೆ ಬೇಸರ ಬಂದಿದೆ. ಮೇಲೆ ಓಡಾಡುವ ಹೆಜ್ಜೆ ಸದ್ದಿಲ್ಲದೆ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ನಡೆಯುವಾಗ ಧಡಧಡ ಸದ್ದು ಮಾಡುತ್ತೀಯ ಎಂದು ನಿನ್ನನ್ನು ಎಷ್ಟು ಬೈದಿದ್ದೆ, ಅದನ್ನೂ ವಾಪಸ್ ತೆಗೆದುಕೊಂಡಿದ್ದೇನೆ.

ಮೀಸೆ ಡ್ರೈವರ್ ಸಂಜೆ ಈ ಕಡೆ ಬರುತ್ತಾನೆ, ಅವನ ಕೈಲಿ ಕೊಟ್ಟು ಕಳಿಸುತ್ತೇನೆ. ಚಿನ್ನಿಯ ಒಂದು ಲಂಗ ನಮ್ಮ ಚಾದರಗಳ ನಡುವೆ ಸಿಕ್ಕಿತು, ಒಗೆದು ಇಟ್ಟಿದ್ದೇನೆ. ಕಳಿಸುವುದಿಲ್ಲ. ಬಂದೇ ತೆಗೆದುಕೊಳ್ಳಲಿ.

ಇಂತಿ,
ದಾರಿ ನೋಡಿ ಕಣ್ಣು ಸೋತ
ನಿನ್ನ ಕೆಳಗಿನ ಮನೆ ಅಕ್ಕ

ಕಾಗದ ಮಡಿಸಿದ ಮೇಲೆ ಬರೆದದ್ದು: ಇದರ ಜೊತೆ ಬರುವ ಗಂಟು ಭಾರವಾಗಿದೆ, ಕಾಲಿನ ಮೇಲೆ ಬೀಳಿಸಿಕೊಳ್ಳಬೇಡ. ಸುತ್ತಿರುವುದು ಮಾವನ ಟವೆಲ್, ಒಳಗಿರುವುದು ವಾಲ್ವಿನ ಹಿಡಿ. ನಾನು ಅಂಟು ಹಚ್ಚುತ್ತಿದ್ದಾಗ ನಿನ್ನ ಭಾವ ಬಂದು ನಿಂತರು. ಯಾರಿಗೆ ಎಂದು ಕೇಳಲಿಲ್ಲ. ಟವೆಲಿನ ವಿಷಯ ಬರೆದಿದ್ದೀಯಾ ಎಂದು ಮಾತ್ರ ಕೇಳಿದರು. ಹೂಂ ಅಂದೆ. ಸ್ಪ್ಯಾನರ್ ತೆಗೆದುಕೊಂಡು ಹೋಗಿ ಹಿಡಿ ಬಿಚ್ಚಿ ತಂದು, ಒರೆಸಿ, ಸುತ್ತಿ, ಕಾಗದದ ಪಕ್ಕ ಇಟ್ಟರು. ಇದನ್ನ ತಮ್ಮನ ಕೈಗೇ ಕೊಡಬೇಕಂತೆ. ಮೋಡ ಕಟ್ಟುತ್ತಿದೆ, ಇವತ್ತೇ ಬಂದರೆ ಏನು ಗತಿ, ಇಕ್ಕಳ ಹಾಕಿಯಾದರೂ ತಿರುಗಿಸೋಣವೇ ಅಂದೆ.  "ತಿರುಗಿಸೋನು ಬರೋವರೆಗೂ ಬೀದಿಗೇ ಹೋಗ್ಲಿ" ಅಂದರು. ಹೋಗಿ ಸ್ಟೂಲು ಹಾಕಿಕೊಂಡು ತಿರುವಿನಲ್ಲಿ ಕೂತಿದ್ದಾರೆ. ಸಂಪಿನಲ್ಲಿ ನಾಳೆಗೆ ಸಾಲುವಷ್ಟೂ ನೀರಿಲ್ಲ. ಹೊರಗೆ ಮೊದಲ ಹನಿ ಬಿತ್ತು.